ಚೀನದೇಶದ ಒಲವಿನ ಹಬ್ಬಗಳೂ ನಮ್ಮ ಆಷಾಢವೂ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಆಷಾಢಮಾಸವು ಹುಟ್ಟಿತೆಂಬುದನ್ನು ತಿಳಿಯಲು ಪಂಚಾಂಗವನ್ನು ತೆರೆಯಬೇಕಾದುದಿಲ್ಲ. ಆ ವರ್ಷ ಮದುವೆ ನಡೆದ ಮನೆಗಳ ಬಾಗಿಲಿಗೆ ಹೆಣ್ಣಿನ ತವರಿನಿಂದ ತಂದೆಯೋ ಅಣ್ಣನೋ ಬಂದು ಕೂರುತ್ತಾನೆ. ಉಪಚಾರವಾಗುತ್ತದೆ. ಹೊಸ ಸೊಸೆಯು ಅತ್ತೆಯ ಕಾಲಿಗೆರಗಿ, ಬಟ್ಟೆಯ ಚೀಲವನ್ನೆತ್ತಿಕೊಂಡು ಹೊಸಿಲನ್ನಿಳಿಯುತ್ತಾಳೆ. ಒಳಗೆ ಮಗ್ಗದ ಬಳಿ ನಿಂತ ಹುಡುಗನು ಹರಿಯದ ಎಳೆಯನ್ನು ಹರಿಯಿತೆಂದು ನೆವಮಾಡಿಕೊಂಡು ಒಂದು ಗಳಿಗೆ ಮಗ್ಗವನ್ನು ನಿಲ್ಲಿಸುತ್ತಾನೆ. ಉಪಾಧ್ಯಾಯವೃತ್ತಿಯಿಂದ ವಿಶ್ರಾಂತನಾಗಿ ಇದೇ ಬೀದಿಯಲ್ಲಿ ನೆಲೆಸಿರುವ ನಾನು ಈ ನೋಟವನ್ನು ಎಷ್ಟು ಸಾರಿ ಕಂಡಿರುವೆನೋ ಲೆಕ್ಕವಿಟ್ಟಿಲ್ಲ.

೨೦೨೪ನೆಯ ಇಸವಿಯ ಆಷಾಢಕ್ಕೆ ನಾಲ್ಕು ದಿನ ಮುಂಚೆ ಪಕ್ಕದ ಮನೆಯ ಹೊಸ ಸೊಸೆಯು ನಮ್ಮ ಮನೆಗೆ ಬಂದು, ಕೈಯಲ್ಲಿದ್ದ ಮೊಬೈಲನ್ನು ತೋರಿಸುತ್ತ, “ಮೇಷ್ಟ್ರೆ, ಚೀನಾದವರಿಗೆ ವರ್ಷವೆಲ್ಲ ಒಲವಿನ ಹಬ್ಬವಂತೆ. ಒಂದಲ್ಲ, ಎರಡಲ್ಲ. ನಮಗೆ ಮಾತ್ರ ಗಂಡ ಹೆಂಡಿರನ್ನು ಅಗಲಿಸುವುದಕ್ಕೆ ಒಂದು ತಿಂಗಳೇ?” ಎಂದು ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಕಣ್ಣಿನಲ್ಲಿ ನಗು ಇರಲಿಲ್ಲ. ಮದುವೆಯಾಗಿ ಎರಡು ತಿಂಗಳು ತುಂಬಿರಲಿಲ್ಲ. ನಾನು ಅಂದು ತೋಚಿದುದೊಂದನ್ನು ಹೇಳಿ ಕಳುಹಿಸಿದೆನು. ಆ ಪ್ರಶ್ನೆಯು ಮಾತ್ರ ನನ್ನನ್ನು ಬಿಡಲಿಲ್ಲ. ಪುಸ್ತಕಗಳನ್ನು ತಿರುವಿ, ಬಲ್ಲವರನ್ನು ಕೇಳಿ, ನಾನು ತಿಳಿದುಕೊಂಡುದನ್ನು ಗೃಹಸ್ಥರಾದ ವಾಚಕರ ಮುಂದಿಡುತ್ತಿದ್ದೇನೆ.

ಚೀನೀಯರ ಹಬ್ಬಗಳು ಚಾಂದ್ರಮಾನವನ್ನು ಅನುಸರಿಸುತ್ತವೆ. ಅವರ ವರ್ಷವು ಸಾಮಾನ್ಯವಾಗಿ ನಮ್ಮ ಮಾಘ ಶುದ್ಧ ಪಾಡ್ಯಮಿಯ ಸುಮಾರಿಗೆ ಆರಂಭವಾಗುವುದರಿಂದ ಅವರ ತಿಂಗಳ ಪಕ್ಕದಲ್ಲಿ ನಮ್ಮ ತಿಂಗಳನ್ನಿಟ್ಟು ನೋಡುವುದು ಕಷ್ಟವಲ್ಲ. ಮೊದಲನೆಯ ತಿಂಗಳ ಹುಣ್ಣಿಮೆ, ಎಂದರೆ ನಮ್ಮ ಮಾಘದ ಹುಣ್ಣಿಮೆಯಂದು, ಅವರಿಗೆ ದೀಪದ ಹಬ್ಬ. ಕಾಗದದ, ರೇಷ್ಮೆಯ ಗೂಡುದೀಪಗಳನ್ನು ಬೀದಿಬೀದಿಗೆ ಕಟ್ಟಿ, ಎಳ್ಳಿನ ಹೂರಣವನ್ನು ತುಂಬಿದ ಅಕ್ಕಿಹಿಟ್ಟಿನ ಉಂಡೆಗಳನ್ನು ಬೇಯಿಸಿ ತಿನ್ನುತ್ತಾರೆ. ತಾಂಗ್ ಅರಸರ ಕಾಲದಲ್ಲಿ ರಾಜಧಾನಿಯಲ್ಲಿ ರಾತ್ರಿ ಯಾರೂ ಬೀದಿಗಿಳಿಯಬಾರದೆಂಬ ಕಟ್ಟಾಜ್ಞೆಯಿದ್ದಿತು. ಈ ಹಬ್ಬದ ಮೂರು ರಾತ್ರಿಗಳಿಗೆ ಮಾತ್ರ ಅದನ್ನು ಸಡಿಲಿಸುತ್ತಿದ್ದರು. ವರ್ಷವೆಲ್ಲ ಒಳಮನೆಯಲ್ಲಿಯೇ ಇರುತ್ತಿದ್ದ ಕನ್ನೆಯರು ದೀಪ ನೋಡುವ ನೆವದಿಂದ ಹೊರಗೆ ಬರುತ್ತಿದ್ದರು. ದೀಪವನ್ನು ನೋಡಿದವರೆಷ್ಟು, ದೀಪದ ಬೆಳಕಿನಲ್ಲಿ ಬೇರೊಂದು ಮುಖವನ್ನು ನೋಡಿದವರೆಷ್ಟು ಎಂಬುದನ್ನು ಅವರ ಕವಿಗಳು ಬಲ್ಲರು. ಮಲಯದ ಪಿನಾಂಗಿನಲ್ಲಿ ನೆಲೆಸಿದ ಚೀನೀಯರ ಹೆಣ್ಣುಮಕ್ಕಳು ಅದೇ ರಾತ್ರಿ ಒಳ್ಳೆಯ ಗಂಡ ಸಿಕ್ಕಲೆಂದು ಕಿತ್ತಳೆಹಣ್ಣನ್ನು ಸಮುದ್ರಕ್ಕೆ ಎಸೆಯುವರು.

ಮೂರನೆಯ ತಿಂಗಳ ಮೂರನೆಯ ದಿನವು ಇನ್ನೂ ಹಳೆಯದು. ಇದು ನಮ್ಮ ಚೈತ್ರ ಶುದ್ಧ ತದಿಗೆಯ ಹೊತ್ತು. ಮೈಲಿಗೆಯನ್ನು ಕಳೆಯಲು ಹೊಳೆಯ ದಡಕ್ಕೆ ಹೋಗುತ್ತಿದ್ದ ತರುಣ ತರುಣಿಯರು ಅಲ್ಲಿಯೇ ಪರಸ್ಪರ ಹೂಗಳನ್ನು ಕೊಟ್ಟುಕೊಳ್ಳುತ್ತಿದ್ದರೆಂದು ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ‘ಷೀಜಿಂಗ್’ ಎಂಬ ಪದ್ಯಸಂಗ್ರಹದಿಂದ ತಿಳಿದುಬರುತ್ತದೆ. ದಕ್ಷಿಣದ ಗುವಾಂಗ್‌ಷೀ ಪ್ರಾಂತದ ಜುವಾಂಗ್ ಜನರು ಇಂದಿಗೂ ಆ ದಿನ ಬಯಲಿನಲ್ಲಿ ನೆರೆದು, ಗಂಡು ಒಂದು ಪದವನ್ನು ಹಾಡಿದರೆ ಹೆಣ್ಣು ಅದಕ್ಕೆ ಉತ್ತರವಾಗಿ ಇನ್ನೊಂದನ್ನು ಹಾಡುತ್ತಾರೆ. ಗುಯಿಜೌ ಪ್ರಾಂತದ ಮಿಯಾವೋ ಜನರದು ಮತ್ತೂ ಸೊಗಸು. ಅದೇ ತಿಂಗಳಲ್ಲಿ ಹುಡುಗಿಯರು ಅನ್ನಕ್ಕೆ ಬಗೆಬಗೆಯ ಬಣ್ಣ ಕಟ್ಟಿ, ಬಂದ ಹುಡುಗನಿಗೆ ಅದನ್ನು ಕಟ್ಟಿಕೊಡುವರು. ಒಳಗೆ ಊಟದ ಜೋಡಿಕಡ್ಡಿಗಳಿದ್ದರೆ ಒಪ್ಪಿಗೆ. ಬೆಳ್ಳುಳ್ಳಿಯೋ ಮೆಣಸಿನಕಾಯಿಯೋ ಇದ್ದರೆ ಬೇರೆ ಮನೆ ನೋಡಿಕೊ ಎಂದರ್ಥ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟನ್ನು ಕೊಟ್ಟು, ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಹದಿನೈದು ದಿನ ಎಳೆಯುವ ನಮ್ಮವರು ಇದನ್ನು ಕಲಿಯಬಹುದಾಗಿದೆ.

ಎಂಟನೆಯ ತಿಂಗಳ ಹುಣ್ಣಿಮೆಯು, ನಮ್ಮ ಭಾದ್ರಪದದ ಹುಣ್ಣಿಮೆ, ಮನೆಮಂದಿಯೆಲ್ಲ ಕೂಡಿ ಚಂದ್ರನನ್ನು ನೋಡುತ್ತ ದುಂಡನೆಯ ಸಿಹಿಭಕ್ಷ್ಯವನ್ನು ಹಂಚಿಕೊಳ್ಳುವ ದಿನ. ಅಮೃತವನ್ನು ಕುಡಿದು ಚಂದ್ರಲೋಕಕ್ಕೆ ಹಾರಿಹೋದ ಚಾಂಗ್ ಅ ಎಂಬವಳನ್ನು ಭೂಮಿಯಲ್ಲಿ ಉಳಿದ ಆಕೆಯ ಗಂಡನು ನೆನೆದನೆಂಬ ಕಥೆ ಆ ಹಬ್ಬಕ್ಕೆ ಸೇರಿದುದು. ಬೆಳುದಿಂಗಳಿನಲ್ಲಿ ಕುಳಿತು, ಮುಂದೆ ಮದುವೆಯಾಗಬೇಕಾದ ಗಂಡು ಹೆಣ್ಣುಗಳ ಕಾಲಿಗೆ ಕಾಣದ ಕೆಂಪುದಾರವನ್ನು ಕಟ್ಟುವ ಒಬ್ಬ ಮುದುಕನೂ ಅವರ ಕಥೆಗಳಲ್ಲಿದ್ದಾನೆ. ನಮ್ಮಲ್ಲಿ ಋಣಾನುಬಂಧವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದನ್ನು ಅವರು ದಾರಮಾಡಿ ಕಣ್ಣಿಗೆ ಕಾಣಿಸಿದ್ದಾರೆ. ಇನ್ನು ಮೇ ೨೦ ಎಂಬುದು ಈಚೆಗೆ ಹುಟ್ಟಿದುದು. ಐದು, ಎರಡು, ಸೊನ್ನೆ ಎಂಬ ಅಂಕಿಗಳನ್ನು ಅವರ ನುಡಿಯಲ್ಲಿ ಓದಿದರೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತಿನಂತೆ ಕೇಳುವುದಂತೆ. ಇಂತಹವು ಅಂಗಡಿಯವರ ಹಬ್ಬಗಳು. ನಮ್ಮಲ್ಲಿಯೂ ಆಷಾಢದ ಸೀರೆ ಮಾರಾಟವುಂಟು. ಅವನ್ನು ಬಿಡೋಣ.

ಇವೆಲ್ಲಕ್ಕೂ ಮಿಗಿಲಾಗಿ ಚೀನೀಯರು ಒಲವಿನ ಹಬ್ಬವೆಂದು ಎಣಿಸುವುದು ಏಳನೆಯ ತಿಂಗಳ ಏಳನೆಯ ದಿನವನ್ನು. ಛೀಷೀ ಎಂದು ಅದರ ಹೆಸರು. ೨೦೦೬ರಲ್ಲಿ ಅಲ್ಲಿನ ಸರ್ಕಾರವು ಅದನ್ನು ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಕಥೆಯನ್ನು ಕೇಳಿದಾಗ ನಮ್ಮ ಬೀದಿಯಲ್ಲಿಯೇ ನಡೆದುದೇನೋ ಎಂದು ನನಗೆ ತೋರಿತು. ಏಕೆಂದರೆ ಕಥೆಯ ನಾಯಕಿಯು ನೇಯುವವಳು.

ದೇವಲೋಕದ ಅರಸನ ಮನೆತನದ ಕುವರಿಯೊಬ್ಬಳು ಮಗ್ಗದ ಮುಂದೆ ಕುಳಿತು ಆಕಾಶಕ್ಕೆ ಮೋಡಗಳ ಬಟ್ಟೆಯನ್ನು ನೇಯುತ್ತಿದ್ದಳು. ಹಗಲಿರುಳು ನೇಯುವ ಆಕೆಯ ಒಂಟಿತನವನ್ನು ಕಂಡು ಮರುಗಿದ ಹಿರಿಯನು ಆಕೆಯನ್ನು ಹೊಳೆಯಾಚೆಯ ಒಬ್ಬ ದನಗಾಹಿಗೆ ಕೊಟ್ಟು ಮದುವೆಮಾಡಿದನು. ಮದುವೆಯಾದ ಮೇಲೆ ಅವಳು ಲಾಳಿಯನ್ನು ಮುಟ್ಟಲಿಲ್ಲ. ಅವನ ದನಗಳು ಕಂಡಕಂಡಲ್ಲಿ ಮೇಯ್ದವು. ಸಿಟ್ಟಾದ ಅರಸನು ಅವರಿಬ್ಬರನ್ನು ಅಗಲಿಸಿ, ಆಕಾಶದ ಬೆಳ್ಳಿಹೊಳೆಯ ಆಚೆಗೊಬ್ಬರನ್ನು ಈಚೆಗೊಬ್ಬರನ್ನು ಇರಿಸಿದನು. ಏಳನೆಯ ತಿಂಗಳ ಏಳನೆಯ ರಾತ್ರಿ ಮಾತ್ರ ಲೋಕದ ಪಕ್ಷಿಗಳು ಹಾರಿಹೋಗಿ, ಕಾಗೆಯ ಕುಲದ ಕಪ್ಪು ಬಿಳುಪಿನ ಹಕ್ಕಿಗಳವು, ರೆಕ್ಕೆಗೆ ರೆಕ್ಕೆಯನ್ನು ಸೇರಿಸಿ ಸೇತುವೆಯಾಗುತ್ತವೆ. ಆ ಸೇತುವೆಯ ಮೇಲೆ ಗಂಡ ಹೆಂಡಿರು ಸೇರುತ್ತಾರೆ. ಅಂದು ಮಳೆ ಬಂದರೆ ಅದು ಅವರ ಕಣ್ಣೀರು. ಇದೇ ಕಥೆಯನ್ನು ಬೇರೊಂದು ಬಗೆಯಾಗಿಯೂ ಹೇಳುವುದುಂಟು. ದನಗಾಹಿಯು ಸಾಕಿದ ಮುದಿ ಎತ್ತು ಮಾತನಾಡಿ, ಸ್ನಾನಕ್ಕಿಳಿದ ದೇವಕನ್ನೆಯ ಉಡುಗೆಯನ್ನು ಬಚ್ಚಿಡೆಂದು ಅವನಿಗೆ ಹೇಳಿಕೊಡುತ್ತದೆ. ಎರಡು ಮಕ್ಕಳಾದ ಮೇಲೆ ಸ್ವರ್ಗದ ಹಿರಿಯಳು ಬಂದು ತಾಯಿಯನ್ನು ಸೆಳೆದೊಯ್ದು, ಬೆನ್ನಟ್ಟಿದ ಗಂಡನ ಮುಂದೆ ತನ್ನ ತುರುಬಿನ ಸೂಜಿಯಿಂದ ಗೆರೆ ಎಳೆಯುತ್ತಾಳೆ. ಆ ಗೆರೆಯೇ ಹೊಳೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಗಂಗೆದೊಗಲನ್ನು ನೇವರಿಸಿ ಮಾತನಾಡುವ ನಮ್ಮ ರೈತರಿಗೆ, ಎತ್ತು ತಿರುಗಿ ಮಾತನಾಡಿತೆಂದರೆ ಅಷ್ಟೇನೂ ಸೋಜಿಗವಾಗದು.

ಆ ರಾತ್ರಿ ಹಿಂದಿನ ಕಾಲದ ಚೀನೀ ಹುಡುಗಿಯರು ಅಂಗಳದಲ್ಲಿ ಹಣ್ಣುಗಳನ್ನಿರಿಸಿ, ನೇಯುವವಳನ್ನು ಕುರಿತು ಕೈಚಳಕವನ್ನು ಕೊಡೆಂದು ಬೇಡುತ್ತಿದ್ದರು. ತಿಂಗಳ ಬೆಳಕಿನಲ್ಲಿ ಸೂಜಿಗೆ ದಾರವನ್ನು ಪೋಣಿಸಿದವಳು ಜಾಣೆ. ಪೆಟ್ಟಿಗೆಯಲ್ಲಿ ಜೇಡವನ್ನಿಟ್ಟು, ಬೆಳಗಾಗುವುದರೊಳಗೆ ಅದು ಒತ್ತಾಗಿ ಬಲೆ ನೇಯ್ದಿದ್ದರೆ ಶುಭ. ದ್ರಾಕ್ಷಿಯ ಚಪ್ಪರದ ಕೆಳಗೆ ಸದ್ದಿಲ್ಲದೆ ನಿಂತರೆ ಮೇಲೆ ಗಂಡ ಹೆಂಡಿರು ಆಡುವ ಮಾತು ಕೇಳಿಸುವುದೆಂದು ನಂಬಿಕೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ಬೆಂಗಳೂರು ನೀಲಿದ್ರಾಕ್ಷಿಯಿಂದ ಮೊದಲ್ಗೊಂಡು ಹೊಸ ತಳಿಗಳವರೆಗೆ ಚಪ್ಪರಗಳಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿ ಕೇಳಿಸುವುದು ಔಷಧ ಹೊಡೆಯುವ ಯಂತ್ರದ ಸದ್ದು.

ಈಗ ಆಕಾಶದ ಕಡೆಗೆ ನೋಡೋಣ. ಚೀನೀಯರ ನೇಯುವವಳು ನಾವು ಅಭಿಜಿತ್ ಎನ್ನುವ ನಕ್ಷತ್ರ. ದನಗಾಹಿಯು ನಮ್ಮ ಶ್ರವಣ. ನಡುವೆ ಹರಿಯುವುದು ಆಕಾಶಗಂಗೆ. ಆಗಸ್ಟ್ ತಿಂಗಳ ರಾತ್ರಿ ಒಂಬತ್ತು ಗಂಟೆಗೆ, ಮೋಡವಿಲ್ಲದಿದ್ದರೆ, ನೆತ್ತಿಯಿಂದ ಉತ್ತರಕ್ಕೆ ಸ್ವಲ್ಪ ಇಳಿದು ಬೆಳ್ಳಗೆ ಉರಿಯುವುದು ಅಭಿಜಿತ್. ಅದರಿಂದ ಆಗ್ನೇಯಕ್ಕೆ ಸರಿದರೆ, ಎರಡು ಸಣ್ಣ ಚಿಕ್ಕೆಗಳ ನಡುವೆ ಶ್ರವಣ. ಆ ಸಣ್ಣ ಚಿಕ್ಕೆಗಳೆರಡನ್ನು ಚೀನೀಯರು ದನಗಾಹಿಯು ಅಡ್ಡೆಯ ಬುಟ್ಟಿಗಳಲ್ಲಿ ಹೊತ್ತ ಮಕ್ಕಳೆನ್ನುತ್ತಾರೆ. ನಮ್ಮವರು ಆ ಮೂರನ್ನೂ ಸೇರಿಸಿ ತ್ರಿವಿಕ್ರಮನ ಮೂರು ಹೆಜ್ಜೆಗಳೆನ್ನುತ್ತಾರೆ. ನೋಡುವ ನಕ್ಷತ್ರಗಳು ಒಂದೇ. ಒಬ್ಬರಿಗೆ ಸಂಸಾರ ಕಂಡಿತು, ಇನ್ನೊಬ್ಬರಿಗೆ ದೇವರು ಕಂಡನು. ಅಭಿಜಿತ್ತಿನ ವಿಷಯವಾಗಿ ನಮ್ಮಲ್ಲಿಯೂ ಅಗಲಿಕೆಯ ಕಥೆಯೊಂದುಂಟು. ಅವಳು ರೋಹಿಣಿಯ ತಂಗಿಯೆಂದೂ, ಹಿರಿತನಕ್ಕಾಗಿ ಅಕ್ಕನೊಡನೆ ಸ್ಪರ್ಧಿಸಿ ತಪಸ್ಸಿಗೆಂದು ಕಾಡಿಗೆ ಹೋಗಿ ಆಕಾಶದ ತನ್ನ ಸ್ಥಾನವನ್ನು ಕಳೆದುಕೊಂಡಳೆಂದೂ ಮಹಾಭಾರತದ ವನಪರ್ವವು ಹೇಳುತ್ತದೆ. ಇಪ್ಪತ್ತೇಳು ನಕ್ಷತ್ರಗಳ ಎಣಿಕೆಯಲ್ಲಿ ಇಂದು ಅವಳಿಲ್ಲ. ಜ್ಯೋತಿಶ್ಶಾಸ್ತ್ರಜ್ಞರ ಲೆಕ್ಕದಲ್ಲಿ ಅಭಿಜಿತ್ತಿನ ಬೆಳಕು ನಮಗೆ ತಲುಪಲು ಸುಮಾರು ೨೫ ವರ್ಷವೂ, ಶ್ರವಣದ್ದು ಸುಮಾರು ೧೭ ವರ್ಷವೂ ಬೇಕು. ಒಂದು ರಾತ್ರಿಯಲ್ಲಿ ಸೇತುವೆ ಕಟ್ಟುವ ಹಕ್ಕಿಗಳಿಗೆ ಅದೇನೂ ದೊಡ್ಡದಲ್ಲವಷ್ಟೆ.

ಶ್ರವಣನಕ್ಷತ್ರದಿಂದಲೇ ನಮ್ಮ ಶ್ರಾವಣಮಾಸಕ್ಕೆ ಹೆಸರು ಬಂದುದು. ಚೀನೀಯರ ಏಳನೆಯ ತಿಂಗಳೂ ಬಹುಮಟ್ಟಿಗೆ ಅದೇ. ಹೀಗಿರಲು ಅವರ ನೇಯುವವಳು ಗಂಡನನ್ನು ಸೇರುವ ರಾತ್ರಿಯು ನಮ್ಮ ಭೀಮನ ಅಮಾವಾಸ್ಯೆಯ ಬೆನ್ನಿಗೇ, ಆರೇಳು ದಿನಗಳಲ್ಲಿ ಬರುತ್ತದೆ. ೨೦೨೪ರಲ್ಲಿ ಭೀಮನ ಅಮಾವಾಸ್ಯೆಯು ಆಗಸ್ಟ್ ೪. ಛೀಷೀ ಆಗಸ್ಟ್ ೧೦. ಅಧಿಕಮಾಸವು ನಡುವೆ ನುಸುಳಿದರೆ ಲೆಕ್ಕ ತಪ್ಪುವುದು: ೨೦೨೫ರಲ್ಲಿ ಅವರಿಗೆ ಆರನೆಯ ತಿಂಗಳು ಎರಡು ಸಾರಿ ಬಂದು, ನಮ್ಮ ಅಮಾವಾಸ್ಯೆ ಜುಲೈ ೨೪ಕ್ಕೂ ಅವರ ಹಬ್ಬ ಆಗಸ್ಟ್ ೨೯ಕ್ಕೂ ಬಿದ್ದಿತು. ಉಳಿದಂತೆ ಎರಡು ದೇಶಗಳಲ್ಲಿಯೂ ಅಗಲಿದವರು ಕೂಡುವ ಕಾಲ ಒಂದೇ.

ನಮ್ಮ ಸೀಮೆಯಲ್ಲಿ ದಾಂಪತ್ಯದ ಹಬ್ಬಗಳಿಲ್ಲವೆಂದು ಪಕ್ಕದ ಮನೆಯ ಹುಡುಗಿ ತಿಳಿದುದು ಸರಿಯಲ್ಲ. ಅವು ದೇವರ ಹೆಸರಿನಲ್ಲಿ ನಡೆಯುವುದರಿಂದ ಮರೆಯಾಗಿವೆ. ಮಕರಸಂಕ್ರಾಂತಿಯಂದು ನೆಲಮಂಗಲದ ಶಿವಗಂಗೆಯಲ್ಲಿ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಗಿರಿಜಾಕಲ್ಯಾಣ. ಬೆಟ್ಟದ ನೆತ್ತಿಯ ತೀರ್ಥದಕಂಬದ ಬಳಿ ಒಸರುವ ನೀರನ್ನು ಅದಕ್ಕೆ ತರುತ್ತಾರೆ. ಫಾಲ್ಗುನದ ಹುಣ್ಣಿಮೆಗೆ ಹುಡುಗರು ಕದ್ದು ತಂದ ಸೌದೆಯಲ್ಲಿ ಕಾಮನನ್ನು ಸುಡುವರು. ದೇವನಹಳ್ಳಿಯ ಉತ್ತರಕ್ಕೆ ನಂದಿಯ ಗುಡಿಯಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರರ ನಡುವೆ ಉಮಾಮಹೇಶ್ವರರ ಚಿಕ್ಕ ಗುಡಿಯೂ ಅದರ ಮುಂದೆ ಕರಿಯ ಕಲ್ಲಿನ ಕಲ್ಯಾಣಮಂಟಪವೂ ಇವೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಅಲ್ಲಿಗೆ ಬರುತ್ತಾರೆ. ದೀಪಾವಳಿಗೆ ಹೊಸ ಅಳಿಯನ ಎಣ್ಣೆನೀರು, ಉತ್ಥಾನದ್ವಾದಶಿಗೆ ನೆಲ್ಲಿಯ ಕೊಂಬೆಯೊಡನೆ ತುಳಸಿಯ ಮದುವೆ. ಇವೆಲ್ಲವೂ ಕೂಡುವ ಹಬ್ಬಗಳು. ಕೇಳಬೇಕಾದುದು ಆಷಾಢದ ಮಾತು.

ಆಷಾಢದಲ್ಲಿ ಅತ್ತೆ ಸೊಸೆಯರು ಒಂದೇ ಹೊಸಿಲನ್ನು ದಾಟಬಾರದು; ಹೊಸ ಸೊಸೆಯು ತವರಿಗೆ ಹೋಗಬೇಕು. ಕಾರಣವನ್ನು ಕೇಳಿದರೆ ಹಿರಿಯರು ಎರಡನ್ನು ಹೇಳುವರು. ಆಷಾಢದಲ್ಲಿ ಗರ್ಭ ನಿಂತರೆ ಚೈತ್ರ ವೈಶಾಖದ ಉರಿಬಿಸಿಲಿನಲ್ಲಿ ಬಾಣಂತನವಾಗಿ ತಾಯಿಮಕ್ಕಳಿಗೆ ಕಷ್ಟವೆಂಬುದೊಂದು. ಇದು ರಾಗಿ ಬಿತ್ತುವ ಕಾಲ. ಹದ ತಪ್ಪಿದರೆ ವರ್ಷದ ಕೂಳು ಹೋಯಿತು. ಹೊಸ ಮದುಮಗನ ಮನಸ್ಸು ಹೊಲದಲ್ಲಿರಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಚೀನದ ಕಥೆಯ ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿಯೂ ಅಗಲಿಸಿದ ಹಿರಿಯನಿಗೆ ಒಲವಿನ ಮೇಲೆ ಹಗೆಯಿರಲಿಲ್ಲ. ಮಗ್ಗ ನಿಂತಿತು, ದನ ಕೆಟ್ಟಿತು ಎಂಬುದೇ ಅವನ ದೂರು. ದುಡಿಮೆಯನ್ನು ಮರೆಸುವಷ್ಟು ಒಲವು ಬೆಳೆದಾಗ ಹಿರಿಯರು ನಡುವೆ ಒಂದು ಹೊಳೆಯನ್ನು ತರುತ್ತಾರೆ. ಆದರೆ ಹೊಳೆಗೆ ಒಂದು ಸೇತುವೆಯನ್ನೂ ಅದಕ್ಕೊಂದು ತಿಥಿಯನ್ನೂ ಗೊತ್ತುಮಾಡಿರುತ್ತಾರೆ. ನಮ್ಮಲ್ಲಿ ಆ ತಿಥಿಯು ಭೀಮನ ಅಮಾವಾಸ್ಯೆ.

ಆ ವ್ರತದ ಕಥೆಯನ್ನು ಗೃಹಿಣಿಯರು ಬಲ್ಲರು. ತಂದೆತಾಯಿಗಳು ಕಾಶಿಗೆ ಹೋದಾಗ ಅಣ್ಣನು ಹಣದಾಸೆಯಿಂದ ತಂಗಿಯನ್ನು ಸತ್ತ ರಾಜಕುಮಾರನಿಗೆ ಮದುವೆಮಾಡಿಕೊಟ್ಟನು. ಭಾಗೀರಥಿಯ ದಡದಲ್ಲಿ, ಗಾಳಿಮಳೆಯ ರಾತ್ರಿಯಲ್ಲಿ, ಎಲ್ಲರೂ ಬಿಟ್ಟುಹೋದ ಮೇಲೆ ಆಕೆಯೊಬ್ಬಳೇ ಶವವನ್ನು ಕಾದಳು. ಮರುದಿನ ಅಮಾವಾಸ್ಯೆಯೆಂದು ನೆನೆದು ಮಣ್ಣಿನಿಂದಲೇ ದೀಪವನ್ನು, ಮಣ್ಣಿನಿಂದಲೇ ಕಡುಬನ್ನು ಮಾಡಿ ಪೂಜಿಸಿದಳು. ಭಂಡಾರ ಒಡೆಯಲು ಅಣ್ಣತಮ್ಮಂದಿರಿಲ್ಲದ ಅಲ್ಲಿಗೆ ಶಿವಪಾರ್ವತಿಯರು ಬಂದರು, ಗಂಡನೆದ್ದು ಕುಳಿತನು. ಅಲ್ಲಿ ಬೆಳ್ಳಿಹೊಳೆ, ಇಲ್ಲಿ ಭಾಗೀರಥಿ. ಅಲ್ಲಿ ಕೆಂಪುದಾರ, ಇಲ್ಲಿ ಕೈಗೆ ಒಂಬತ್ತು ಗಂಟಿನ ಅರಿಶಿನದ ದಾರ.

ಒಂದು ಮಾತನ್ನು ಮರೆಮಾಚಬಾರದು. ಈ ಪೂಜೆ, ಉಪವಾಸ, ಪಾದಪೂಜೆಗಳೆಲ್ಲ ಹೆಣ್ಣಿನ ಪಾಲಿಗೇ ಬಂದಿವೆ. ಹಾಸಿಗೆಯು ಬರಿದಾಗದಿರಲೆಂದು ಲಕ್ಷ್ಮೀನಾರಾಯಣರನ್ನು ಪೂಜಿಸುವ ಅಶೂನ್ಯಶಯನವೆಂಬ ವ್ರತವನ್ನು ಪುರಾಣಗಳು ಹೇಳುತ್ತವೆ; ಅದನ್ನು ಹೆಂಡತಿಗಾಗಿ ಗಂಡನೂ ಮಾಡಬೇಕಾದುದು. ನಮ್ಮ ಬೀದಿಯಲ್ಲಿ ಅದನ್ನು ಮಾಡಿದ ಒಬ್ಬ ಗಂಡಸನ್ನೂ ನಾನು ಕಂಡಿಲ್ಲ. ನಾನೂ ಮಾಡಿದವನಲ್ಲ.

ಪಕ್ಕದ ಮನೆಯ ಕಥೆಯನ್ನು ಇನ್ನೂ ಹೇಳಲಿಲ್ಲ. ಹುಡುಗಿಯು ಆಷಾಢದ ಮೊದಲ ದಿನ ನೆಲಮಂಗಲದ ಕಡೆಯ ತನ್ನ ತವರಿಗೆ ಹೋದಳು. ನೇಕಾರರ ಮನೆಯ ಹೆಂಗಸು ಹೋದರೆ ಬರಿಯ ಹೆಂಗಸು ಹೋದಂತಲ್ಲ. ಮಗ್ಗಕ್ಕೆ ಕಂಡಿಕೆಯನ್ನು ಸುತ್ತಿಕೊಡುವವಳು ಅವಳು. ಕಂಡಿಕೆಯಿಲ್ಲದೆ ಲಾಳಿಯಿಲ್ಲ, ಲಾಳಿಯಿಲ್ಲದೆ ಹಾಸಿಗೆ ಹೊಕ್ಕಿಲ್ಲ. ವರಮಹಾಲಕ್ಷ್ಮಿಯ ಹಬ್ಬಕ್ಕೆ ಮುಂಚೆ ಕೊಡಬೇಕಾದ ಸೀರೆಗಳಿಗೆ ಮುಂಗಡವನ್ನು ತೆಗೆದುಕೊಂಡಾಗಿತ್ತು. ಅದು ಮದುವೆಯ ಸಾಲಕ್ಕೆ ಹೋಗಿಯೂ ಆಗಿತ್ತು. ಕಣ್ಣಿನಲ್ಲಿ ಪೊರೆ ಬಂದ ಅತ್ತೆಯು ಕಂಡಿಕೆಗೆ ಕುಳಿತರು. ರೇಷ್ಮೆಯ ಎಳೆ ಹರಿದುದು ಅವರಿಗೆ ಕಾಣದು. ಹುಡುಗನು ಮಗ್ಗವನ್ನು ನಿಲ್ಲಿಸಿ ಕಂಡಿಕೆಗೆ ಕೂರುವನು, ಕಂಡಿಕೆಯನ್ನು ಬಿಟ್ಟು ಮಗ್ಗಕ್ಕೆ ಓಡುವನು. ಎರಡನೆಯ ವಾರದ ಹೊತ್ತಿಗೆ ದಿನಕ್ಕೆ ಒಂದು ಸೀರೆ ಇಳಿಯುವ ಕಡೆ ಅರ್ಧ ಇಳಿಯಿತು. ಚೀನದ ಅರಸನು ಮಗ್ಗ ನಡೆಯಲೆಂದು ಹೆಂಡತಿಯನ್ನು ಅಗಲಿಸಿದನು. ಇಲ್ಲಿ ಅಗಲಿಸಿದುದರಿಂದಲೇ ಮಗ್ಗ ನಿಂತಿತು.

ಒಂದು ಬೆಳಗ್ಗೆ ಆ ತಾಯಿಯು ಮಗನನ್ನು ಕರೆದು ಸೊಸೆಯನ್ನು ಕರೆತರುವಂತೆ ಹೇಳಿದರು. ಅವನು ಬೆರಗಾಗಿ ನಿಂತನು. “ಅತ್ತೆ ಸೊಸೆ ಒಂದು ಹೊಸಿಲು ದಾಟಬಾರದು ಅಂತ ತಾನೆ ಇರುವುದು? ಅವಳೇ ಹೋಗಬೇಕು ಅಂತ ಎಲ್ಲಿದೆ? ನಾನು ಹೋಗುತ್ತೇನೆ” ಎಂದು ಹೇಳಿ, ಎರಡು ಸೀರೆಯನ್ನು ಗಂಟುಕಟ್ಟಿಕೊಂಡು, ವಿಜಯಪುರದಲ್ಲಿರುವ ಮಗಳ ಮನೆಗೆ ಬಸ್ಸು ಹತ್ತಿದರು. ಬೀದಿಯ ಹೆಂಗಸರು ಸುಮ್ಮನಿರಲಿಲ್ಲ. ಅತ್ತೆ ಸೊಸೆಯರ ಮಾತು ಹಾಗಿರಲಿ, ಗಂಡ ಹೆಂಡಿರು ಕೂಡಿರಬಹುದೆ ಎಂದು ಒಬ್ಬರು ಬಸ್ ನಿಲ್ದಾಣದವರೆಗೂ ಹೋಗಿ ಕೇಳಿದರು. ಅದಕ್ಕೆ ಆಕೆ, “ಅದು ರಾಗಿ ಬಿತ್ತುವವರಿಗೆ ಹೇಳಿದ ಮಾತಮ್ಮ. ನಮ್ಮ ಹೊಲ ಮನೆಯೊಳಗೇ ಇದೆ” ಎಂದರಂತೆ.

ಮಗಳ ಮನೆಯಲ್ಲಿ ರೇಷ್ಮೆಹುಳುವಿನ ಸಾಕಣೆ. ಈ ಹುಳುವೂ ಹಿಪ್ಪುನೇರಿಳೆಯೂ ಮೊದಲಿಗೆ ಚೀನದೇಶದವು. ಆ ನಂಟಿನಿಂದಲೇ ಕಾಳಿದಾಸನು ಶಾಕುಂತಲದಲ್ಲಿ ರೇಷ್ಮೆಯ ಬಟ್ಟೆಯನ್ನು ಚೀನಾಂಶುಕವೆಂದನು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ೧೮ನೆಯ ಶತಮಾನದ ಕೊನೆಗೆ ಬಂಗಾಳದಿಂದ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬನ್ನು ಬೆಳೆಸಿದನು. ಪೊರೆ ಬಂದ ಕಣ್ಣಿಗೆ ಎಳೆ ಕಾಣದಿದ್ದರೂ ಸೊಪ್ಪು ಕಾಣುತ್ತದಲ್ಲ. ಆ ತಾಯಿ ಹದಿನೈದು ದಿನ ಅಲ್ಲಿ ಹುಳುಗಳಿಗೆ ಸೊಪ್ಪು ಹಾಕಿಕೊಂಡಿದ್ದರು.

ಭೀಮನ ಅಮಾವಾಸ್ಯೆಯ ಬೆಳಗ್ಗೆ ಆಕೆ ಹಿಂದಿರುಗಿದರು. ಒಳಗೆ ಕಂಬದಂತಹ ಜೋಡಿದೀಪಗಳು ಉರಿಯುತ್ತಿದ್ದುವು. ತವರಿನಿಂದ ಬಂದ ತಮ್ಮನು ಹೊಸಿಲಿನ ಮೇಲಿಟ್ಟ ಕಡುಬನ್ನು ಮೊಣಕೈಯಿಂದ ಒಡೆದು, ಒಳಗಿದ್ದ ಹತ್ತು ರೂಪಾಯಿಯ ನಾಣ್ಯವನ್ನು ಜೇಬಿಗೆ ಸೇರಿಸಿದನು. ಸೀರೆಗಳು ಹೇಳಿದ ದಿನಕ್ಕೆ ಹೋದುವೋ ಇಲ್ಲವೋ ಎಂದು ವಾಚಕರು ಕೇಳಬಹುದು. ಎರಡು ಸೀರೆ ಹಿಂದೆ ಬಿದ್ದಿತು. ಸಾಹುಕಾರರು ಗೊಣಗಿ ತೆಗೆದುಕೊಂಡರು.

ಆಗಸ್ಟ್ ೧೦ರ ರಾತ್ರಿ ನಾನು ಆ ಹುಡುಗಿಯನ್ನು ತಾರಸಿಗೆ ಕರೆದು, ಅಭಿಜಿತ್ತನ್ನೂ ಶ್ರವಣವನ್ನೂ ತೋರಿಸಿ ನನ್ನ ಉತ್ತರವನ್ನು ಒಪ್ಪಿಸಬೇಕೆಂದಿದ್ದೆ. ಮೋಡ ಮುಸುಕಿ ಒಂದು ಚಿಕ್ಕೆಯೂ ಕಾಣಲಿ��್ಲ. ಕಥೆಯನ್ನು ಮಾತ್ರ ಹೇಳಿದೆನು. ಮುಗಿಯುವ ಹೊತ್ತಿಗೆ ಸಣ್ಣಗೆ ಹನಿಯಲಾರಂಭಿಸಿತು.

“ಹಾಗಾದರೆ ಸೇರಿದರೇ, ಮೇಷ್ಟ್ರೆ?” ಎಂದಳು.

ನಾನು ಉತ್ತರ ಹೇಳುವಷ್ಟರಲ್ಲಿ ಬೀದಿಯ ದೀಪಗಳೆಲ್ಲ ಆರಿ, ಕೆಳಗೆ ಮಗ್ಗದ ಸದ್ದು ತಟ್ಟನೆ ನಿಂತಿತು. ಕತ್ತಲೆಯಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಕೇಳಿಸಿತು. ಅವಳ ಗಂಡನು ತಲೆಯ ಮೇಲೆ ಟವಲನ್ನು ಹಾಕಿಕೊಂಡು ಮೇಲಕ್ಕೆ ಬಂದನು. ನಾನು ಗೋಡೆಯನ್ನು ಹಿಡಿದುಕೊಂಡು ಮೆಲ್ಲನೆ ಕೆಳಗಿಳಿದೆನು.